ಹೊಸ ರೈಫಲ್ ನಳಿಗೆಯನ್ನು ಪಳಗಿಸಲೇಬೇಕೆ?

ಹೊಸ ರೈಫಲ್ ಕೊಂಡವನಿಗೆ ಬಲ್ಲವರು ಒಂದು ವ್ರತ ಹೇಳಿಕೊಡುತ್ತಾರೆ. ಒಂದು ಗುಂಡು ಹೊಡಿ, ನಳಿಗೆ ಒರೆಸು. ಇನ್ನೊಂದು ಹೊಡಿ, ಮತ್ತೆ ಒರೆಸು. ಹತ್ತು ಗುಂಡಿನ ತನಕ ಹೀಗೆ, ಆಮೇಲೆ ಮೂರಕ್ಕೊಮ್ಮೆ, ಐದಕ್ಕೊಮ್ಮೆ. ತಪ್ಪಿದರೆ ರೈಫಲ್ ಎಂದಿಗೂ ಗುರಿ ಹಿಡಿಯದು ಎಂಬ ಹೆದರಿಕೆ ಬೇರೆ. ಇದರಲ್ಲಿ ಹುರುಳೆಷ್ಟು?

ನಂಬಿಕೆ: ಹೊಡೆದು ಒರೆಸಿದಷ್ಟೂ ನಳಿಗೆಯ ಒಳಮೈಯೆಲ್ಲ ನುಣುಪಾಗುತ್ತದೆ.

ಸತ್ಯ: ಒಳ್ಳೆಯ ಸ್ಪರ್ಧಾ ನಳಿಗೆ ಕಾರ್ಖಾನೆಯಿಂದಲೇ ನುಣುಪಾಗಿ ಬರುತ್ತದೆ. ಸೀಸದ ಅಚ್ಚಿಗೆ ಉಜ್ಜುಪುಡಿ ಹಚ್ಚಿ ಒಳಗೆ ಹಿಂದೆ ಮುಂದೆ ತಿಕ್ಕುತ್ತಾರೆ, ಇದೇ ಲ್ಯಾಪಿಂಗ್. ಇದರ ಗೀರುಗಳು ಗುಂಡು ಸಾಗುವ ದಿಕ್ಕಿನಲ್ಲೇ ಇರುವುದರಿಂದ ತೊಂದರೆಯಿಲ್ಲ. ತೊಡಕಿರುವುದು ನಳಿಗೆಯ ‘ಗಂಟಲಲ್ಲಿ’, ಅಂದರೆ ತೋಟಾ ಕೂರುವ ಕೋಣೆ ಮುಗಿದು ಸುರುಳಿ ಗೆರೆಗಳು ಶುರುವಾಗುವ ಚಿಕ್ಕ ಜಾಗದಲ್ಲಿ. ಲ್ಯಾಪಿಂಗ್ ಮುಗಿದ ಮೇಲೆ ರೀಮರ್ ಎಂಬ ಉಪಕರಣ ಈ ಜಾಗವನ್ನು ಸುತ್ತುತ್ತಾ ಕೊರೆಯುವುದರಿಂದ ಗುಂಡಿನ ದಾರಿಗೆ ಅಡ್ಡವಾಗಿ ಸೂಕ್ಷ್ಮ ಏಣುಗಳು ಉಳಿಯುತ್ತವೆ. ಅವು ಗುಂಡಿನ ತಾಮ್ರದ ಹೊದಿಕೆಯನ್ನು ಕೆರೆಯುತ್ತವೆ. ಕೆರೆದ ತಾಮ್ರ ಬಿಸಿ ಅನಿಲದಲ್ಲಿ ಆವಿಯಾಗಿ ಮುಂದಿನ ನಳಿಗೆಗೆ ಅಂಟುತ್ತದೆ. ಮೊದಲ ಗುಂಡುಗಳು ಸವೆಸುವುದು ಈ ಏಣುಗಳನ್ನು. ಅವು ತಾಮ್ರದಡಿ ಮುಚ್ಚಿಹೋಗದಿರಲಿ ಎಂದೇ ನಡುನಡುವೆ ಒರೆಸುವುದು. ಅಮೆರಿಕದ ನಳಿಗೆ ತಯಾರಕ ಕ್ರೀಗರ್ ಕಂಪನಿ ಕೊಡುವ ವಿವರಣೆಯೂ ಇದೇ. ದೋಸೆ ಕಾವಲಿ ಪಳಗುವುದು ಎಣ್ಣೆಯ ಪದರ ಕೂತು. ನಳಿಗೆಯಲ್ಲಿ ಆಗುವುದು ಅದಕ್ಕೆ ತದ್ವಿರುದ್ಧ.

ನಂಬಿಕೆ: ಎಷ್ಟು ಗುಂಡಿಗೊಮ್ಮೆ ಒರೆಸಬೇಕೆಂಬ ಲೆಕ್ಕ ತಪ್ಪಬಾರದು.

ಸತ್ಯ: ತಯಾರಕರಲ್ಲೇ ಒಮ್ಮತವಿಲ್ಲ. ಪಳಗಿಸುವ ಈ ವ್ರತವನ್ನು ಹುಟ್ಟುಹಾಕಿದ್ದೇ ನಳಿಗೆ ಮಾರುವವರು, ಬೇಗ ಸವೆದರೆ ಲಾಭ ಅವರಿಗೇ ಎಂದು ಹೆಸರಾಂತ ರೈಫಲ್ ತಯಾರಕ ಗೇಲ್ ಮೆಕ್‌ಮಿಲನ್ ಗೇಲಿ ಮಾಡಿದ್ದರು. ಪರೀಕ್ಷೆಯೂ ಕಷ್ಟ: ಒಂದೇ ನಳಿಗೆಯನ್ನು ಪಳಗಿಸಿಯೂ ಪಳಗಿಸದೆಯೂ ನೋಡಲಾಗದು, ಒಂದರಂತೆ ಇನ್ನೊಂದು ನಳಿಗೆ ಇರುವುದೂ ಇಲ್ಲ. ಮೂರು ಗುಂಡು ಒತ್ತಾಗಿ ಬಿದ್ದವೆಂದು ತೀರ್ಪು ಕೊಟ್ಟರೆ ಅದು ಅದೃಷ್ಟದ ಲೆಕ್ಕ. ಎಣಿಕೆಗಿಂತ ಒರೆಸಿದ ಬಟ್ಟೆ ನಂಬಿಗಸ್ತ ಸಾಕ್ಷಿ. ಅಮೋನಿಯಾ ಬೆರೆತ ದ್ರಾವಣ ತಾಮ್ರಕ್ಕೆ ತಾಗಿದರೆ ಬಟ್ಟೆ ನೀಲಿಯಾಗುತ್ತದೆ. ಆ ನೀಲಿ ತೆಳುವಾಗುತ್ತ ಬಂದರೆ ಗಂಟಲು ನುಣುಪಾಗಿದೆ ಎಂದರ್ಥ. ಎರಡನೆಯ ಗುಂಡಿಗೇ ತೆಳುವಾದರೆ ಅಲ್ಲಿಗೇ ನಿಲ್ಲಿಸಬಹುದು.

ನಂಬಿಕೆ: ಕೋವಿ ಯಾವುದಾದರೂ ಪಳಗಿಸಲೇಬೇಕು.

ಸತ್ಯ: ಕೊಡಗಿನಲ್ಲಿ ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಲ್ಲಿ ಕಾಣುವುದು ಹೆಚ್ಚಾಗಿ ಪಾಯಿಂಟ್ 22 ರೈಫಲ್ ಮತ್ತು 12 ಬೋರ್ ಕೋವಿ. ಪಾಯಿಂಟ್ 22ರ ಸ್ಪರ್ಧಾ ಗುಂಡು ಬರೀ ಸೀಸದ್ದು, ಮೇಲೆ ಮೇಣದಂಥ ಜಿಡ್ಡು. ಕೆರೆಯಲು ತಾಮ್ರದ ಹೊದಿಕೆಯೇ ಇಲ್ಲ. 12 ಬೋರ್ ನಳಿಗೆಯಲ್ಲಿ ಸುರುಳಿ ಗೆರೆಗಳೇ ಇಲ್ಲ. 4.5 ಮಿ.ಮೀ. ಸೀಸದ ಪೆಲೆಟ್ ಹಾರಿಸುವ 10 ಮೀಟರ್ ಏರ್ ರೈಫಲ್‌ಗೂ ಈ ವ್ರತ ಬೇಡ. ಒಳಗೆ ಗಟ್ಟಿ ಕ್ರೋಮ್ ಲೇಪವಿರುವ ಸೇನಾ ರೈಫಲ್‌ಗಳಲ್ಲಿ ಕೆಲವು ಗುಂಡುಗಳಿಂದ ಸವೆಯುವುದು ಅಷ್ಟಕ್ಕಷ್ಟೆ. ಕೊಡಗಿನ ಮಳೆಗಾಲದಲ್ಲಿ ಕೋವಿಗೆ ನಿಜವಾದ ಶತ್ರು ತುಕ್ಕು. ಅಲ್ಲಿ ಬೇಕಿರುವುದು ಎಣ್ಣೆ ಸವರುವ ಶಿಸ್ತು.

ನಂಬಿಕೆ: ಪಳಗಿಸಿದ ನಳಿಗೆ ಹೆಚ್ಚು ಕಾಲ ಬಾಳುತ್ತದೆ.

ಸತ್ಯ: ನಳಿಗೆಯನ್ನು ತಿನ್ನುವುದು ಬಿಸಿ ಅನಿಲ, ಅದೂ ಮೊದಲಿಗೆ ಗಂಟಲನ್ನೇ. ಪಾಯಿಂಟ್ 308 ನಳಿಗೆ ಹಲವು ಸಾವಿರ ಗುಂಡು ತಾಳಬಹುದು. ಕಿರಿದಾದ ನಳಿಗೆಯಲ್ಲಿ ಹೆಚ್ಚು ಮದ್ದಿನ ತೋಟಾ ಹಾರಿಸುವ ಮ್ಯಾಗ್ನಮ್ ರೈಫಲ್‌ಗಳು ಸಾವಿರದ ಆಸುಪಾಸಿನಲ್ಲೇ ಸೋಲಬಹುದು. ಪಳಗಿಸಲೆಂದು ಹೊಡೆದ ಗುಂಡೂ ಈ ಆಯುಸ್ಸಿನಿಂದಲೇ ಕಳೆಯುತ್ತದೆ. ಬಿಸಿ ಆರಲು ಬಿಡದೆ ಹೊಡೆದರೆ ಸವೆತ ಇನ್ನೂ ಬೇಗ. ಒರೆಸುವ ಸಲಾಕೆಯೂ ಅಪಾಯವೇ: ಬಾಯಿಯ ಕಡೆಯಿಂದ ಒಡ್ಡೊಡ್ಡಾಗಿ ತೂರಿಸಿದರೆ ನಳಿಗೆಯ ತುದಿಯ ಅಂಚು ಸವೆದು ಗುರಿ ಕೆಡುತ್ತದೆ. ಹಿಂಬದಿಯಿಂದ, ಸಲಾಕೆಯನ್ನು ನೇರವಾಗಿಡುವ ಗೈಡ್ ಹಾಕಿಯೇ ಒರೆಸಬೇಕು.

ಇನ್ನು ಮಾಡಬೇಕಾದ್ದು ಇಷ್ಟೆ. ಕೋವಿ ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ಮೊದಲ ಗುಂಡಿಗೆ ಮುಂಚೆ ಕಾರ್ಖಾನೆಯ ಎಣ್ಣೆಯನ್ನು ಪೂರ್ತಿ ಒರೆಸಿ. ಆಮೇಲೆ ನಾಲ್ಕಾರು ಸಲ ಹೊಡೆದು ಒರೆಸಿ, ಬಟ್ಟೆ ನೋಡಿ. ಮೊದಲ ನೂರಿನ್ನೂರು ಗುಂಡುಗಳಲ್ಲಿ ವೇಗ ತುಸು ಏರಿ ಸ್ಥಿರವಾಗುವುದುಂಟು, ಹಾಗಾಗಿ ತೋಟಾ ನೀವೇ ತುಂಬುವವರಾದರೆ ಮದ್ದಿನ ಅಳತೆಯನ್ನು ಅಲ್ಲಿಯವರೆಗೆ ಅಂತಿಮಗೊಳಿಸಬೇಡಿ. ಒಳ್ಳೆಯ ನಳಿಗೆಗೆ ಈ ಆರೈಕೆ ಧಾರಾಳವಾಯಿತು. ಕೆಟ್ಟದಾಗಿ ಕೊರೆದ ನಳಿಗೆಯನ್ನು ಯಾವ ವ್ರತವೂ ಸರಿಮಾಡದು.