ಸಾಕುನಾಯಿ ಗುರುಗುಟ್ಟುವುದೇಕೆ?

ನಾಯಿಗೂ ಮಾನವನಿಗೂ ಇರುವ ಸ್ನೇಹ ಇಂದು ನಿನ್ನೆಯದಲ್ಲ. ಆದರೆ ಹಳ್ಳಿಯ ಹಟ್ಟಿಯಲ್ಲಿ, ಹೊಲದ ಬದುವಿನಲ್ಲಿ ಬೆಳೆಯುತ್ತಿದ್ದ ಪ್ರಾಣಿ ನಗರದ ಇಕ್ಕಟ್ಟಾದ ಮನೆಯನ್ನು ಸೇರಿದಾಗ ಕೆಲವು ಹೊಸ ಸಮಸ್ಯೆಗಳು ತಲೆದೋರುವುದು ಸಹಜ. ಭಾನುವಾರದ ಹೆಸರನ್ನೇ ಹೊತ್ತ ನಾಗಪುರದ ಇತವಾರಿ ಅಂತಹ ಹಳೆಯ ಪೇಟೆ. ಕೆಳಗೆ ಅಂಗಡಿ, ಮೇಲೆ ಒಂದೆರಡು ಕೋಣೆಗಳ ಸಂಸಾರ. ಅಂಗಳವಿಲ್ಲದ ಇಂತಹ ಮನೆಯಲ್ಲಿ ನಾಯಿಗೆಂದು ಪ್ರತ್ಯೇಕ ಮೂಲೆ ದೊರೆಯುವುದೂ ದುರ್ಲಭ.

ಅಲ್ಲಿ ನೆಲೆಸಿದ ಒಂದು ಕನ್ನಡ ಕುಟುಂಬವನ್ನು ಊಹಿಸಿಕೊಳ್ಳಿ. ಶಾಲೆಯಿಂದ ಬಂದ ಮಗು ಮಂಚದಡಿಯಲ್ಲಿರುವ ರಬ್ಬರ್ ಚೆಂಡಿಗೆ ಕೈ ಚಾಚುತ್ತದೆ. ಅದನ್ನು ಮುಂಗಾಲುಗಳ ನಡುವೆ ಇಟ್ಟುಕೊಂಡು ಮಲಗಿದ್ದ ನಾಯಿ ಗುರುಗುಟ್ಟುತ್ತದೆ. “ಅನ್ನ ಹಾಕಿದ ಕೈಗೇ ಹೀಗೆಯೆ?” ಎಂದು ತಂದೆ ಕೋಲನ್ನೆತ್ತುತ್ತಾನೆ, ಬೀದಿಗೆ ಬಿಟ್ಟುಬಿಡಿರೆಂದು ಅಜ್ಜಿ ಹೇಳುತ್ತಾಳೆ. ಮಗುವಿನ ಸುರಕ್ಷಿತತೆ, ನಾಯಿಯ ಬಾಳು ಎರಡೂ ಆ ಕ್ಷಣದ ನಿರ್ಧಾರವನ್ನು ಅವಲಂಬಿಸಿರುತ್ತವೆ.

ಗುರುಗುಟ್ಟುವಿಕೆ ಕೃತಘ್ನತೆಯಲ್ಲ; ಯಜಮಾನಿಕೆಯ ಹವಣಿಕೆಯೂ ಅಲ್ಲ. ನಾಯಿಯ ಪೂರ್ವಜ ತೋಳ. ಬಾಯಿಯ ಸುತ್ತಲಿನ ಸ್ವಲ್ಪ ಜಾಗವನ್ನು ಪ್ರತಿಯೊಂದು ತೋಳವೂ ತನ್ನದೆಂದು ಭಾವಿಸುತ್ತದೆ, ಹಿಂಡಿನ ದುರ್ಬಲ ತೋಳ ಕೂಡ ಅಲ್ಲಿರುವ ಆಹಾರವನ್ನು ಬಲಿಷ್ಠ ತೋಳಕ್ಕೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ ಎಂಬುದನ್ನು ತೋಳಗಳ ತಜ್ಞ ಡೇವಿಡ್ ಮೀಚ್ ಗುರುತಿಸಿದ್ದಾರೆ. ಅಗಿಯಲು ಹಿತವಾದ, ಒತ್ತಿದರೆ ಕೀಚ್ ಎನ್ನುವ ಆಟಿಕೆ ನಾಯಿಯ ಪಾಲಿಗೆ ಬೇಟೆಯಂತೆಯೇ. ಇದರೊಡನೆ ಅನುಭವವೂ ಸೇರುತ್ತದೆ. ಪಾವ್ಲೋವ್‌ನ ನಾಯಿಗಳು ಸಂಜ್ಞೆಯನ್ನು ಕೇಳಿದೊಡನೆ ಆಹಾರವನ್ನು ನಿರೀಕ್ಷಿಸಿ ಜೊಲ್ಲು ಸುರಿಸಿದಂತೆ, ಪದೇ ಪದೇ ವಸ್ತುವನ್ನು ಕಳೆದುಕೊಂಡ ನಾಯಿ ಕೈ ಹತ್ತಿರ ಬಂದೊಡನೆ ನಷ್ಟವನ್ನೇ ನಿರೀಕ್ಷಿಸುತ್ತದೆ.

ಗುರುಗುಟ್ಟುವುದು ನಾಯಿಯ ಭಾಷೆ. ಬುಡಾಪೆಸ್ಟಿನ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ಸ್ಪಷ್ಟಪಡಿಸುತ್ತದೆ. ಮೂಳೆಯನ್ನು ಕಾಯುವಾಗಿನ, ಆಟವಾಡುವಾಗಿನ, ಅಪರಿಚಿತರನ್ನು ಕಂಡಾಗಿನ ಗುರುಗುಟ್ಟುವಿಕೆಗಳನ್ನು ಅವರು ಧ್ವನಿಮುದ್ರಿಸಿ, ಮೂಳೆಯ ಬಳಿ ಬಂದ ಬೇರೆ ನಾಯಿಗಳಿಗೆ ಕೇಳಿಸಿದರು. ಮೂಳೆ ಕಾಯುವ ಧ್ವನಿಯನ್ನು ಕೇಳಿದ ನಾಯಿಗಳೇ ಹೆಚ್ಚಾಗಿ ಹಿಂಜರಿದವು. ನಾಯಿಗೆ ತಿಳಿಯುವ ಈ ಮಾತು ಮನೆಯವರಿಗೂ ತಿಳಿಯಬೇಡವೆ?

ಬೊಗಳುವ ನಾಯಿ ಕಚ್ಚುವುದಿಲ್ಲವೆಂಬ ಗಾದೆಯನ್ನು ಇಲ್ಲಿ ನಂಬಿ ಕೂರುವಂತಿಲ್ಲ. ಗುರುಗುಟ್ಟುವಿಕೆ ಕಚ್ಚುವ ಮುನ್ನ ಕೊಡುವ ಎಚ್ಚರಿಕೆ. ಅದಕ್ಕಾಗಿ ಹೊಡೆದರೆ ಎಚ್ಚರಿಕೆ ಅಡಗೀತು, ಭಯ ಅಡಗದು. ಮುಂದೆ ಆ ನಾಯಿ ಸದ್ದಿಲ್ಲದೆ ಕಚ್ಚಬಹುದು. ಮೈ ಬಿಗಿಯುವುದು, ವಸ್ತುವಿನ ಮೇಲೆ ಬಾಗುವುದು, ಕಣ್ಣಿನ ಬಿಳಿಭಾಗ ಕಾಣುವಂತೆ ಓರೆನೋಟ ಬೀರುವುದು ಇವು ಇನ್ನೂ ಮುಂಚಿನ ಸೂಚನೆಗಳು.

ಹಾಗಾದರೆ ಪರಿಹಾರವೇನು? ಮೊದಲನೆಯದಾಗಿ, ಆಟಿಕೆಯನ್ನು ಕಸಿದುಕೊಳ್ಳಬಾರದು. ಅದಕ್ಕಾಗಿ ನಾಯಿಯನ್ನು ಅಟ್ಟಿಸಿಕೊಂಡು ಹೋಗಲೂಬಾರದು. ಎರಡನೆಯದಾಗಿ, ವಿನಿಮಯವನ್ನು ಕಲಿಸಬೇಕು. ವಯಸ್ಕರೊಬ್ಬರು ನಾಯಿ ಬಿಗಿಯದಷ್ಟು ದೂರದಲ್ಲಿ ನಿಂತು ಬೇಯಿಸಿದ ಮೊಟ್ಟೆಯ ಚೂರನ್ನೋ ಚಪಾತಿಯ ತುಂಡನ್ನೋ ಎಸೆಯಬೇಕು. ಅದು ಆಟಿಕೆಯನ್ನು ಬಿಟ್ಟು ತಿನ್ನಲು ಬಂದು ನಿಶ್ಚಿಂತೆಯಿಂದಿದ್ದರೆ ಮಾತ್ರ ಆಟಿಕೆಯನ್ನು ಎತ್ತಿ, ಕೂಡಲೇ ಹಿಂದಿರುಗಿಸಬೇಕು. ದಿನಗಳು ಕಳೆದಂತೆ, ಮನುಷ್ಯ ಬಂದರೆ ಲಾಭವೇ ಹೊರತು ನಷ್ಟವಿಲ್ಲವೆಂಬ ನಂಬಿಕೆ ಅದರಲ್ಲಿ ಮೂಡುತ್ತದೆ. ಮೂರನೆಯದಾಗಿ, ಕೋಣೆ ಒಂದೇ ಆದರೂ ಯಾರೂ ತುಳಿಯದ ಮೂಲೆಯಲ್ಲಿ ನಾಯಿಗೆ ಒಂದು ಗೋಣಿತಾಟು ಹಾಸಬೇಕು. ಅಲ್ಲಿರುವಾಗ ಅದನ್ನು ಕೆಣಕಬಾರದೆಂದು ಮಕ್ಕಳಿಗೆ ತಿಳಿಹೇಳಬೇಕು. ಚಿಕ್ಕ ಮಕ್ಕಳನ್ನು ನಾಯಿಯೊಡನೆ ಒಂಟಿಯಾಗಿ ಬಿಡಲೇಬಾರದು; ಈ ಕಲಿಕೆಯ ಹೊಣೆಯನ್ನೂ ಅವರಿಗೆ ಒಪ್ಪಿಸಬಾರದು.

ಸೌಮ್ಯವಾಗಿದ್ದ ನಾಯಿ ಇದ್ದಕ್ಕಿದ್ದಂತೆ ಗುರುಗುಟ್ಟತೊಡಗಿದರೆ ಹಲ್ಲು, ಕಿವಿ, ಕೀಲುಗಳ ನೋವು ಕಾರಣವಾಗಿರಬಹುದು. ಆಗಲೂ, ಈಗಾಗಲೇ ಯಾರನ್ನಾದರೂ ಕಚ್ಚಿದ್ದರೂ ಪಶುವೈದ್ಯರ ಸಲಹೆ ಅತ್ಯಗತ್ಯ. ನಾಗಪುರದಲ್ಲಿ 1958ರಲ್ಲಿ ಆರಂಭವಾದ ಪಶುವೈದ್ಯ ಕಾಲೇಜೇ ಇದೆ.

ಇಷ್ಟಾದರೂ ಹಲ್ಲು ತಗುಲಿದರೆ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆಯಬೇಕು. ಸುಣ್ಣ, ಅರಿಸಿನ, ಮೆಣಸಿನಪುಡಿ ಹಚ್ಚಬಾರದು. ಸಾಕಿದ ನಾಯಿಯೇ ಆದರೂ, ಅದಕ್ಕೆ ಲಸಿಕೆ ಹಾಕಿಸಿದ್ದರೂ ತಡಮಾಡದೆ ವೈದ್ಯರನ್ನು ಕಾಣಬೇಕು. ರೇಬೀಸ್ ಲಕ್ಷಣಗಳು ತೋರಿದ ಮೇಲೆ ಬದುಕುಳಿಯುವುದು ಅತ್ಯಂತ ವಿರಳ. ಹೊಟ್ಟೆಗೆ 14 ಚುಚ್ಚುಮದ್ದೆಂಬ ಹಳೆಯ ಭಯ ಇಂದು ಅನಗತ್ಯ. ಈಗಿನ ಲಸಿಕೆಯನ್ನು ತೋಳಿಗೆ ಕೆಲವೇ ಬಾರಿ ಕೊಡುತ್ತಾರೆ. ಗಾಯ ಆಳವಾಗಿದ್ದರೆ ಇಮ್ಯುನೋಗ್ಲಾಬ್ಯುಲಿನ್ ಕೂಡ ಬೇಕಾಗುತ್ತದೆ.

ನಾಯಿಯ ಬಾಲ ಎಂದಿಗೂ ಡೊಂಕೇ ಎಂಬ ಮಾತು ಬಾಲಕ್ಕೆ ಸಲ್ಲುತ್ತದೆ, ಸ್ವಭಾವಕ್ಕಲ್ಲ. ತಾಳ್ಮೆಯಿಂದ ಕಲಿಸಿದರೆ ನಾಯಿ ಕಲಿಯುತ್ತದೆ. ಅದರ ಎಚ್ಚರಿಕೆಯ ಮಾತನ್ನು ಅರಿತ ಮನೆಯಲ್ಲಿ ಕೋಲಿಗೆ ಕೆಲಸವಿಲ್ಲ. ಮಗುವೂ ಕ್ಷೇಮ, ನಾಯಿಯೂ ಕ್ಷೇಮ.