ಮಾಧ್ಯಮ ಗಣಕವಿಜ್ಞಾನ: ಹೆತ್ತವರು ಅರಿಯಬೇಕಾದ ಹೊಸ ವಿದ್ಯೆ

ಕಳೆದ ಶ್ರಾವಣಮಾಸದ ಒಂದು ಸೋಮವಾರ. ಮಠದಲ್ಲಿ ಪ್ರಸಾದವಾದ ಬಳಿಕ ಭಕ್ತ ದಂಪತಿಗಳು ತಮ್ಮ ಮಗಳೊಡನೆ ನಮ್ಮಲ್ಲಿಗೆ ಬಂದರು. ಒಕ್ಕಲುತನದ ಮನೆತನ, ಇರುವುದು ನಾಲ್ಕು ಎಕರೆ ಹೊಲ. ಪಿ.ಯು.ಸಿ. ವಿಜ್ಞಾನದಲ್ಲಿ ಒಳ್ಳೆಯ ಅಂಕ ಪಡೆದ ಮಗಳು, ಜರ್ಮನಿಗೆ ಹೋಗಿ ‘ಮೀಡಿಯಾ ಇನ್ಫರ್ಮ್ಯಾಟಿಕ್ಸ್’ ಓದುವೆನೆಂದು ಹಟ ಹಿಡಿದಿದ್ದಳು. ತಂದೆ ಕೈಮುಗಿದು, “ಗುರುಗಳೇ, ಇದು ಎಂಥಾ ವಿದ್ಯೆ ಅಂತ ನಮಗ ತಿಳೀವಲ್ದು. ಚಿತ್ರ ಬರಿಯೂದು, ಸಿನಿಮಾ ಮಾಡೂದು ಕಲಿಯಾಕ ಹೊಲ ಒತ್ತಿ ಇಡಬೇಕೇನ್ರಿ?” ಎಂದರು.

ಇದು ಅವರೊಬ್ಬರ ಪ್ರಶ್ನೆಯಲ್ಲ. ಇಂದು ಸಮಾಜದ ಅನೇಕ ಮನೆಗಳಲ್ಲಿ ಎದ್ದಿರುವ ಪ್ರಶ್ನೆ. ಮಠದ ಪಾಠಶಾಲೆಯಲ್ಲಿ ವ್ಯಾಕರಣ, ಶಾಸ್ತ್ರಗಳನ್ನು ಓದಿದ ನಮಗೆ ಗಣಕಯಂತ್ರ ಪರಿಚಿತ ಕ್ಷೇತ್ರವಲ್ಲ. ಆದುದರಿಂದ ಆ ದಿನ ಉತ್ತರ ಹೇಳದೆ, ಒಂದು ತಿಂಗಳ ಅವಧಿ ಕೇಳಿ, ಬಲ್ಲವರಿಂದ ವಿಷಯ ತಿಳಿದುಕೊಂಡೆವು. ತಿಳಿದುದನ್ನು ಓದುಗ ಶರಣಬಂಧುಗಳ ಮುಂದೆ ಇಡುತ್ತಿದ್ದೇವೆ.

ವಿದ್ಯೆಯ ಸ್ವರೂಪ

ಅಕ್ಷರ, ಚಿತ್ರ, ಧ್ವನಿ, ಚಲನಚಿತ್ರಗಳನ್ನು ಯಂತ್ರವು ಹೇಗೆ ಗ್ರಹಿಸುತ್ತದೆ, ಹೇಗೆ ಸಂಗ್ರಹಿಸುತ್ತದೆ, ಹೇಗೆ ಮತ್ತೆ ಮನುಷ್ಯನ ಕಣ್ಣು ಕಿವಿಗಳಿಗೆ ಒಪ್ಪಿಸುತ್ತದೆ ಎಂಬುದರ ಶಾಸ್ತ್ರವೇ ಮಾಧ್ಯಮ ಗಣಕವಿಜ್ಞಾನ. ಜರ್ಮನಿಯಲ್ಲಿ ಇದಕ್ಕೆ ‘ಮೇಡಿಯೆನ್‌ಇನ್ಫರ್ಮಾಟಿಕ್’ ಎಂದು ಹೆಸರು. ಅಲ್ಲಿಯ ಕರಿಕಾಡು ಪ್ರದೇಶದ ಫುರ್ಟ್‌ವಾಂಗೆನ್ ಎಂಬ ಊರಿನಲ್ಲಿ ೧೯೯೦ರಲ್ಲೇ ಇದರ ಪದವಿ ಶಿಕ್ಷಣ ಆರಂಭವಾಯಿತು. ೧೮೫೦ರಲ್ಲಿ ಗಡಿಯಾರ ಮಾಡುವವರ ಶಾಲೆಯಾಗಿ ಹುಟ್ಟಿದ ಸಂಸ್ಥೆಯದು. ಮುಂದೆ ಉಲ್ಮ್, ಮ್ಯೂನಿಕ್ ಮೊದಲಾದ ವಿಶ್ವವಿದ್ಯಾಲಯಗಳೂ ಈ ವಿದ್ಯೆಯನ್ನು ಕೈಗೆತ್ತಿಕೊಂಡವು.

ಒಂದು ಸಣ್ಣ ಉದಾಹರಣೆ ಕೊಡೋಣ. ನಾವು ಕಾಗದ ಬರೆಯುವಾಗ ಮೊದಲಿಗೆ ‘ಶ್ರೀ’ ಎಂದು ಬರೆಯುತ್ತೇವೆ. ನಮ್ಮ ಕಣ್ಣಿಗೆ ಅದು ಒಂದೇ ಅಕ್ಷರ. ಯಂತ್ರಕ್ಕಾದರೋ ಅದು ನಾಲ್ಕು ಸಂಕೇತಗಳು: ಶಕಾರ, ಅದರ ಸ್ವರವನ್ನು ಕಳೆಯುವ ಹಲಂತ ಚಿಹ್ನೆ, ರಕಾರ, ಈಕಾರದ ದೀರ್ಘ. ‘ಯೂನಿಕೋಡ್’ ಎಂಬ ಜಾಗತಿಕ ಸಂಕೇತಪಟ್ಟಿಯಲ್ಲಿ ೧೯೯೧ರಿಂದಲೂ ಕನ್ನಡಕ್ಕೆ ತನ್ನದೇ ಸ್ಥಾನವಿದೆ. ಆ ನಾಲ್ಕನ್ನು ಕೂಡಿಸಿ ಒಂದು ಸುಂದರ ರೂಪವಾಗಿ ತೋರಿಸುವುದು ಗಣಿತದ ಕೆಲಸ. ಆ ರೂಪ ಮುದುಕರ ಕಣ್ಣಿಗೂ ಸುಲಭವಾಗಿ ಕಾಣುವಂತೆ ಮಾಡುವುದು ಮನುಷ್ಯನನ್ನು ಅರಿತವರ ಕೆಲಸ. ಈ ಎರಡನ್ನೂ ಒಬ್ಬರೇ ಕಲಿಯುವುದು ಈ ವಿದ್ಯೆಯ ವಿಶೇಷ.

ಮೂರು ವರ್ಷದ ಪದವಿಯಾದರೆ ಆರು ಸೆಮಿಸ್ಟರ್, ೧೮೦ ಕ್ರೆಡಿಟ್. ಒಂದು ಕ್ರೆಡಿಟ್ ಎಂದರೆ ಸುಮಾರು ೩೦ ಗಂಟೆಗಳ ದುಡಿಮೆ. ಒಟ್ಟು ೫,೪೦೦ ಗಂಟೆ. ಮೊದಲ ವರ್ಷಗಳಲ್ಲಿ ಗಣಿತ ಮತ್ತು ಪ್ರೋಗ್ರಾಮಿಂಗ್‌ಗಳದೇ ಮೇಲುಗೈ. ಅವುಗಳೊಡನೆ ಚಿತ್ರ-ಧ್ವನಿಗಳ ಸಂಸ್ಕರಣೆ, ಗ್ರಾಫಿಕ್ಸ್, ವಿನ್ಯಾಸ, ಮನುಷ್ಯನು ಯಂತ್ರವನ್ನು ಬಳಸುವ ಬಗೆಯ ಅಧ್ಯಯನ ಸೇರುತ್ತವೆ. ಕೊನೆಗೆ ಒಂದು ಪ್ರಬಂಧ. ಚಿತ್ರ ಬರೆಯುವ ಆಸೆಯೊಂದನ್ನೇ ನಂಬಿ ಸೇರಿದವರಿಗೆ ಗಣಿತ ಭಾರವಾಗುತ್ತದೆ. ಗಣಿತದಲ್ಲಿ ಪ್ರೀತಿಯಿಲ್ಲದ ಮಗುವನ್ನು, ಹೆಸರು ಹೊಸದೆಂಬ ಮಾತ್ರಕ್ಕೆ ಇದಕ್ಕೆ ಕಳುಹಿಸಬಾರದು.

ಹೊಲದ ಲೆಕ್ಕ

ಇನ್ನು ಹಣದ ಮಾತು. ಜರ್ಮನಿಯ ಬಹುತೇಕ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಫುರ್ಟ್‌ವಾಂಗೆನ್, ಉಲ್ಮ್‌ಗಳಿರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯವು ೨೦೧೭ರಲ್ಲಿ ನಮ್ಮಂತಹ ಹೊರದೇಶದವರಿಗೆ ಸೆಮಿಸ್ಟರಿಗೆ ೧,೫೦೦ ಯೂರೋ ಶುಲ್ಕವನ್ನು ಜಾರಿಗೆ ತಂದಿತು. ‘ಶುಲ್ಕವಿಲ್ಲ’ ಎಂಬ ಮಾತಿಗೆ ಮರುಳಾಗಲಾಗದು. ಊಟ, ವಸತಿಗೆ ಹಣವಿದೆಯೆಂದು ವೀಸಾ ಕೇಳುವಾಗಲೇ ತೋರಿಸಬೇಕು. ೨೦೨೪ರ ಸೆಪ್ಟೆಂಬರಿನಲ್ಲಿ ಈ ಮೊತ್ತವನ್ನು ವರ್ಷಕ್ಕೆ ೧೧,೯೦೪ ಯೂರೋಗೆ ಏರಿಸಲಾಯಿತು. ನಮ್ಮ ರೂಪಾಯಿಯಲ್ಲಿ ಹನ್ನೊಂದು ಲಕ್ಷಕ್ಕೂ ಮಿಕ್ಕು. ನಾಲ್ಕು ಎಕರೆಯ ಮನೆಗೆ ಇದು ಹಗುರವಾದ ಮಾತಲ್ಲ.

ಪಿ.ಯು.ಸಿ. ಮುಗಿದೊಡನೆ ನೇರ ಪ್ರವೇಶವೂ ಸಾಮಾನ್ಯವಾಗಿ ದೊರೆಯದು. ಇಲ್ಲಿ ಮಾನ್ಯತೆ ಪಡೆದ ಪದವಿಯ ಒಂದು ವರ್ಷವನ್ನಾದರೂ ಮುಗಿಸಿರಬೇಕು. ಇಲ್ಲವೆ ಅಲ್ಲಿಯ ‘ಸ್ಟುಡಿಯೆನ್‌ಕೊಲೆಗ್’ ಎಂಬ ಸಿದ್ಧತಾ ಶಾಲೆಯಲ್ಲಿ ಒಂದು ವರ್ಷ ಓದಿ ಪರೀಕ್ಷೆ ಕೊಡಬೇಕು. ಪ್ರಮಾಣಪತ್ರಗಳ ಪರಿಶೀಲನೆಗಾಗಿ ೨೦೨೨ರ ನವೆಂಬರಿನಿಂದ ಎ.ಪಿ.ಎಸ್. ಎಂಬ ದಾಖಲೆಯೂ ಕಡ್ಡಾಯವಾಯಿತು. ಎಲ್ಲಕ್ಕಿಂತ ಮಿಗಿಲಾಗಿ, ಪದವಿ ಮಟ್ಟದ ಪಾಠಗಳು ಹೆಚ್ಚಾಗಿ ಜರ್ಮನ್ ಭಾಷೆಯಲ್ಲಿಯೇ ನಡೆಯುತ್ತವೆ. ೧೮೫೩ರಲ್ಲಿ ಆ ದೇಶದಿಂದ ಬಂದ ಕಿಟ್ಟೆಲ್ಲರು ಕನ್ನಡವನ್ನು ಕಲಿತು, ೧೮೯೪ರಲ್ಲಿ ನಮಗೆ ನಿಘಂಟನ್ನು ಕೊಟ್ಟರು. ಪರನಾಡಿನ ವಿದ್ಯೆ ಬೇಕೆಂದರೆ ಆ ನಾಡಿನ ನುಡಿಗೆ ಮೊದಲು ಶಿಷ್ಯರಾಗಬೇಕು.

ಓಲೆಗರಿಯ ಪ್ರಸಂಗ

ತಿಂಗಳು ಕಳೆದು ಅವರು ಮತ್ತೆ ಬಂದಾಗ, “ನಿನಗೆ ಈ ವಿದ್ಯೆಯೇ ಏಕೆ ಬೇಕು, ತಂಗಿ?” ಎಂದು ಕೇಳಿದೆವು. ಅವಳು ಮಾತನಾಡದೆ ಮೊಬೈಲ್ ತೆಗೆದು ಒಂದು ಚಿತ್ರ ತೋರಿಸಿದಳು. ಅವರ ಮನೆಯ ಜಗುಲಿಯ ಮೇಲೆ ತಲೆಮಾರುಗಳಿಂದ ಪೂಜೆಗೊಳ್ಳುತ್ತಿದ್ದ ಓಲೆಗರಿಯ ಕಟ್ಟು. ಪೂಜಿಸುವರಲ್ಲದೆ ಅದನ್ನು ಬಿಚ್ಚಿ ಓದಿದವರಿಲ್ಲ; ಅಂಚುಗಳನ್ನು ಹುಳು ತಿಂದಿತ್ತು.

ಅದೇ ಗರಿಯ ಚಿತ್ರವನ್ನು ಅವಳು ಮೊದಲೊಮ್ಮೆ ನಮ್ಮ ಶಿಷ್ಯರೊಬ್ಬರಿಗೆ ಮೊಬೈಲಿನಲ್ಲಿ ಕಳುಹಿಸಿದ್ದಳಂತೆ. ಒಂದೆಡೆ ಇರುವುದು ‘ಪ’ವೋ ‘ಷ’ವೋ ತಿಳಿಯದೆ ಅವರು ಕೈಬಿಟ್ಟಿದ್ದರು. ಕಾರಣವನ್ನು ಅವಳೇ ಹುಡುಕಿದ್ದಳು. ಕಳುಹಿಸುವಾಗ ಯಂತ್ರವು ಚಿತ್ರವನ್ನು ಎಂಟೆಂಟು ಚುಕ್ಕಿಗಳ ಚೌಕಗಳಾಗಿ ವಿಂಗಡಿಸಿ, ಕಣ್ಣು ಗಮನಿಸದೆಂದು ಬಗೆದ ಸೂಕ್ಷ್ಮಗಳನ್ನು ಕಳೆದು, ಗಾತ್ರ ಕುಗ್ಗಿಸುತ್ತದೆ. ಮುಖಚಿತ್ರಕ್ಕೆ ಅದರಿಂದ ಹಾನಿಯಿಲ್ಲ. ಕಂಠದಿಂದ ಕೊರೆದ ಕೂದಲೆಳೆಯಂತಹ ಗೆರೆಗೆ ಮಾತ್ರ ಅದೇ ಮೃತ್ಯು. ಈ ಬಾರಿ ಅವಳು ಕುಗ್ಗಿಸದ ಚಿತ್ರವನ್ನೇ ತಂದಿದ್ದಳು. ಹಿಗ್ಗಿಸಿ ನೋಡಿದೆವು. ಒಳಗಿನ ಅಡ್ಡಗೆರೆ ಸ್ಪಷ್ಟವಾಗಿತ್ತು. ಅದು ‘ಷ’. ಕನ್ನಡಕವಿಟ್ಟರೂ ಗರಿಯಲ್ಲಿ ಕಾಣದ ಸಾಲನ್ನು ನಾವು ಗಟ್ಟಿಯಾಗಿ ಓದಿದಾಗ ಆ ತಂದೆಯ ಕಣ್ಣು ತೇವಗೊಂಡವು. “ನಮ್ಮ ಮುತ್ತ್ಯಾ ಬರದದ್ದು ಇದು” ಎಂದಷ್ಟೇ ಹೇಳಿದರು.

ಫ.ಗು. ಹಳಕಟ್ಟಿಯವರು ವೃತ್ತಿಯಿಂದ ವಕೀಲರು. ಓಲೆಗಳಲ್ಲಿದ್ದ ವಚನಗಳು ಮನೆಮನೆಗೆ ಮುಟ್ಟಬೇಕೆಂದು ಮನೆಯನ್ನೇ ಮಾರಿ, ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ಸ್ಥಾಪಿಸಿದರು. ಅವರ ಕಾಲದ ಮಾಧ್ಯಮ ಅಚ್ಚಿನ ಮೊಳೆ. ಇಂದು ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳನ್ನು ಅಂತರ್ಜಾಲದ ‘ವಚನ ಸಂಚಯ’ದಲ್ಲಿ ಒಂದೊಂದು ಪದ ಹಿಡಿದು ಹುಡುಕಬಹುದು. ಅಂತಹ ಕಾಯಕಕ್ಕೆ ಅಕ್ಷರವನ್ನೂ ಗಣಿತವನ್ನೂ ಬಲ್ಲವರು ಬೇಕು.

ಹಾಗೆಂದು ಹೊಲ ಒತ್ತೆಯಿಡಿರೆಂದು ನಾವು ಹೇಳಲಿಲ್ಲ. “ಈ ವರ್ಷ ಇಲ್ಲಿಯೇ ಪದವಿಗೆ ಸೇರಲಿ, ಜೊತೆಗೆ ಜರ್ಮನ್ ಕಲಿಯಲಿ. ವರ್ಷದ ಕೊನೆಗೆ ಗಣಿತದ ಅಂಕ, ಭಾಷೆಯ ಪರೀಕ್ಷೆ, ಮನೆಯ ಲೆಕ್ಕ, ಮೂರನ್ನೂ ಮುಂದಿಟ್ಟುಕೊಂಡು ನಿರ್ಧರಿಸಿರಿ. ಹೋಗಲಾಗದಿದ್ದರೆ ಇಲ್ಲಿಯೇ ಗಣಕವಿಜ್ಞಾನ ಮುಂದುವರಿಸಲಿ, ಓದಿದ ವರ್ಷ ವ್ಯರ್ಥವಾಗದು” ಎಂದೆವು. ತಂದೆ ಒಪ್ಪಿದರು. ಮಗಳು ಸ್ವಲ್ಪ ಮುನಿಸಿನಿಂದಲೇ ಒಪ್ಪಿದಳು.

ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೇ. ಮಕ್ಕಳು ಅರಿಯದ ವಿದ್ಯೆಯ ಹೆಸರು ಹೇಳಿದಾಗ ನಗಬೇಡಿರಿ, ಹೆದರಲೂಬೇಡಿರಿ. ಅದರಲ್ಲಿ ಏನನ್ನು ಕಲಿಸುತ್ತಾರೆ, ಯಾವ ಭಾಷೆಯಲ್ಲಿ ಕಲಿಸುತ್ತಾರೆ, ಎಷ್ಟು ವೆಚ್ಚ, ಯಾರಿಗೆ ಉಪಯೋಗ ಎಂದು ಕುಳಿತು ಕೇಳಿರಿ. ಆ ಹುಡುಗಿ ಈಗ ಪ್ರತಿ ಭಾನುವಾರ ಮಠಕ್ಕೆ ಬಂದು ಹಳಗನ್ನಡ ಲಿಪಿ ಓದಲು ಕಲಿಯುತ್ತಿದ್ದಾಳೆ. ಕಟ್ಟಿನಲ್ಲಿ ಇನ್ನೂ ಎಪ್ಪತ್ತು ಗರಿಗಳಿವೆ.