ಒಂದೇ ಪ್ರತಿ ಎಂಬ ಅಪಾಯ

ಕಳೆದ ಬೇಸಿಗೆಯ ಒಂದು ಸಂಜೆ, ವಿಜಯಪುರದ ನನ್ನ ಮನೆಯಲ್ಲಿ ಗಣಕಯಂತ್ರದ ಮುಂದೆ ಕುಳಿತಿದ್ದಾಗ ಮೇಜಿನ ಮೇಲಿದ್ದ ಹಾರ್ಡ್ ಡಿಸ್ಕ್ 'ಕಟ್, ಕಟ್' ಎಂದು ಸದ್ದು ಮಾಡತೊಡಗಿತು. ಆ ಪುಟ್ಟ ಪೆಟ್ಟಿಗೆಯೊಳಗೆ ಟಿಕೋಟಾ, ಬಬಲೇಶ್ವರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಎರಡು ದಶಕಗಳ ಕಾಲ ನಾನು ಧ್ವನಿಮುದ್ರಿಸಿಕೊಂಡ ಹಾಡುಗಳಿದ್ದವು. ಬೀಸುಕಲ್ಲಿನ ಪದ, ಸೋಬಾನೆ, ಗುಳ್ಳವ್ವನ ಹಾಡು, ಮೊಹರಂ ಪದ. ಹಾಡಿದ ತಾಯಂದಿರಲ್ಲಿ ಹೆಚ್ಚಿನವರು ಇಂದು ಇಲ್ಲ. ಎಲ್ಲವನ್ನೂ ಡಿಸ್ಕಿಗೆ ವರ್ಗಾಯಿಸಿದ ಮೇಲೆ, ಇನ್ನೇಕೆ ಈ ಹೊರೆ ಎಂದು ಮೂಲ ಕ್ಯಾಸೆಟ್‌ಗಳನ್ನು ಗುಜರಿಗೆ ಹಾಕಿದ್ದೆ. ಇದ್ದದ್ದು ಅದೊಂದೇ ಪ್ರತಿ.

ಆ ಕ್ಷಣದಲ್ಲಿ ನಾನು ಮಾಡಬೇಕಾಗಿದ್ದುದು ವಿದ್ಯುತ್ ಸಂಪರ್ಕ ಕಿತ್ತು ಸುಮ್ಮನಿರುವುದು. ಮಾಡಿದ್ದು ಬೇರೆ. ಹತ್ತಾರು ಬಾರಿ ಆರಿಸಿ ಹಚ್ಚಿದೆ. ಮೆಲ್ಲಗೆ ತಟ್ಟಿಯೂ ನೋಡಿದೆ. ಮರುದಿನ ಟಿಕೋಟಾದಿಂದ ಬಂದ ಸೋದರಳಿಯ, 'ಮಾಮಾ, ಒಂದ್ ರಾತ್ರಿ ಫ್ರಿಡ್ಜ್‌ನ್ಯಾಗ ಇಡ್ರಿ, ಸರಿ ಆಗ್ತದ' ಎಂದ. ಇಟ್ಟೆವು.

ಈ ಮನೆಮದ್ದಿಗೂ ಒಂದು ಇತಿಹಾಸವಿದೆ. ಹಳೆಯ ಕಾಲದ ಡಿಸ್ಕ್‌ಗಳಲ್ಲಿ ಓದುವ ಶಿರವು ತಟ್ಟೆಗೆ ಅಂಟಿಕೊಳ್ಳುವುದಿತ್ತು. ತಂಪಿಗೆ ಲೋಹ ಕುಗ್ಗಿ ಅದು ಕೆಲವೊಮ್ಮೆ ಬಿಡಿಸಿಕೊಳ್ಳುತ್ತಿತ್ತು. ಆದರೆ ನಲವತ್ತು ಡಿಗ್ರಿಯ ನಮ್ಮ ಊರಿನಲ್ಲಿ ತಣ್ಣೀರು ತುಂಬಿದ ಸ್ಟೀಲ್ ಲೋಟ ಬೆವರುವುದನ್ನು ಎಲ್ಲರೂ ಕಂಡಿದ್ದೇವೆ. ಹೊರತೆಗೆದ ಡಿಸ್ಕಿನ ಒಳಗೂ ಅದೇ ಹನಿಗಟ್ಟುವಿಕೆ ನಡೆಯಬಲ್ಲದು ಎಂಬುದು ನನಗೆ ಹೊಳೆಯಲಿಲ್ಲ.

ಕೊನೆಯ ಅಪರಾಧ ಮುಚ್ಚಳ ತೆಗೆದದ್ದು. ನಕ್ಷತ್ರಾಕಾರದ ತಿರುಪುಗಳನ್ನು ಬಿಚ್ಚಿದಾಗ ಒಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆ ಕಂಡಿತು. ಅಂಥ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಬಾರಿ ತಿರುಗುತ್ತದೆ. ಶಿರವು ಅದನ್ನು ಮುಟ್ಟದೆ, ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ನಮ್ಮ ತಲೆಗೂದಲಿನ ದಪ್ಪವೇ ಹತ್ತಾರು ಸಾವಿರ ನ್ಯಾನೋಮೀಟರ್. ಹೀಗಿರುವಾಗ ಎರೆಮಣ್ಣಿನ ಸೀಮೆಯ ಬೇಸಿಗೆಯ ಧೂಳಿನ ಒಂದು ಕಣ ಆ ಶಿರದ ಪಾಲಿಗೆ ಹೆಬ್ಬಂಡೆ. ಮತ್ತೆ ಹಚ್ಚಿದಾಗ ಕೇಳಿಸಿದ್ದು ಕರಕರ ಸದ್ದು. ಅದು ಹಾಡುಗಳು ಸವೆಯುವ ಸದ್ದಾಗಿತ್ತು.

ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ, ಧೂಳಿಲ್ಲದ ಕೋಣೆಯಲ್ಲಿ ಪರೀಕ್ಷಿಸಿದವರು ವಿಷಾದದಿಂದಲೇ ಹೇಳಿದರು: ತಟ್ಟೆಯ ಕಾಂತೀಯ ಲೇಪನವೇ ಕೆರೆದುಹೋಗಿದೆ, ಮೊದಲ ಸದ್ದಿಗೇ ನಿಲ್ಲಿಸಿ ತಂದಿದ್ದರೆ ಪ್ರಯತ್ನಿಸಬಹುದಿತ್ತು. ಡಿಸ್ಕ್ ಕೆಟ್ಟದ್ದು ವಿಧಿಯಾದರೆ, ಹಾಡು ಅಳಿದದ್ದು ನನ್ನ ಕೈಗುಣ.

ಓದುಗರಿಗೆ ನನ್ನ ವಿನಂತಿ ಇಷ್ಟೇ. ಡಿಸ್ಕ್ ವಿಚಿತ್ರ ಸದ್ದು ಮಾಡಿದರೆ ಕೂಡಲೇ ಆರಿಸಿ. ಸದ್ದಿಲ್ಲದೆ ನಿಧಾನವಾಗಿದ್ದರೆ ದುರಸ್ತಿಯ ತಂತ್ರಾಂಶಗಳನ್ನು ಓಡಿಸುವ ಮುನ್ನ ಮತ್ತೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಅದೇ ಮಾದರಿಯ ಬೇರೊಂದು ಡಿಸ್ಕಿನ ಸರ್ಕ್ಯೂಟ್ ಹಲಗೆಯನ್ನು ಕಿತ್ತು ಜೋಡಿಸಿದರಾಯಿತು ಎನ್ನುವವರನ್ನು ನಂಬಬೇಡಿ. ಈಚಿನ ಹಲಗೆಗಳಲ್ಲಿ ಆಯಾ ಡಿಸ್ಕಿಗಷ್ಟೇ ಹೊಂದುವ ಮಾಹಿತಿ ಅಡಗಿರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮೂರು ಪ್ರತಿಗಳಿರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದಾದರೂ ಬೇರೆ ಊರಿನಲ್ಲಿರಲಿ.

ಈ ಪಾಠವನ್ನು ಕಲಿಯಲು ನಾನು ಬೆಂಗಳೂರಿನವರೆಗೆ ಹೋಗಬೇಕಾಗಿರಲಿಲ್ಲ. ಫ. ಗು. ಹಳಕಟ್ಟಿಯವರು ಬಾಳಿದ ಊರು ನಮ್ಮದು. ಮನೆಮನೆಗಳಲ್ಲಿ ಬಟ್ಟೆ ಸುತ್ತಿ ಪೂಜೆಗಿಟ್ಟಿದ್ದ ತಾಡೋಲೆಗಳನ್ನು ಅವರು ಅರಸಿ ತಂದರು. 1923ರಲ್ಲಿ 'ವಚನಶಾಸ್ತ್ರಸಾರ' ಅಚ್ಚಾಯಿತು. 1925ರಲ್ಲಿ ಇದೇ ಊರಿನಲ್ಲಿ ಹಿತಚಿಂತಕ ಮುದ್ರಣಾಲಯ ತೆರೆಯಲು ಅವರು ಮನೆಯನ್ನೇ ಮಾರಿದರು. ಗೆದ್ದಲಿಗೆ ಒಂದು ಓಲೆ ಸಿಗಬಹುದು, ಊರೂರಿಗೆ ಹಂಚಿಹೋದ ಪುಸ್ತಕವೆಲ್ಲ ಸಿಗದು. ವಚನಗಳು ಉಳಿದದ್ದು ಬಚ್ಚಿಟ್ಟದ್ದರಿಂದಲ್ಲ, ಹಂಚಿದ್ದರಿಂದ.

ಹಾಡಿದವರ ಮಕ್ಕಳಿಗೆ ವಿಷಯ ತಿಳಿಸಲೇಬೇಕಿತ್ತು. ತಪ್ಪಿತಸ್ಥನಂತೆ ಬಬಲೇಶ್ವರಕ್ಕೆ ಹೋದೆ. ಒಬ್ಬ ಅಜ್ಜಿಯ ಮೊಮ್ಮಗ ಎಲ್ಲವನ್ನೂ ಕೇಳಿ, ಒಳಗೆ ಹೋಗಿ ಒಂದು ಪೆನ್‌ಡ್ರೈವ್ ತಂದ. 'ನೀವಽ ಕೊಟ್ಟಿದ್ರಲ್ರೀ ಸರ, ಅವ್ವನ ತಿಥಿಗೆ ಹಚ್ಚಾಕಂತ' ಎಂದ. ನಾನು ಮರೆತೇಬಿಟ್ಟಿದ್ದೆ. ಅದರಲ್ಲಿ ಅವನ ಅಜ್ಜಿಯ ಏಳು ಹಾಡುಗಳಿದ್ದವು.

ನಾನು ಜೋಪಾನ ಮಾಡಿದ್ದೆಲ್ಲ ಹೋಯಿತು. ಕೈಯೆತ್ತಿ ಕೊಟ್ಟದ್ದಷ್ಟೇ ಉಳಿಯಿತು. ಆ ಏಳು ಹಾಡುಗಳು ಈಗ ಐದು ಮನೆಗಳಲ್ಲಿವೆ.